ಟೀಚರ್ ಕಟ್ಟಿದ ಸ್ಪೀಕರ್

ಫಳ್ನೀರಿನ ನಮ್ಮ ಕಟ್ಟಡದಲ್ಲಿದ್ದ ನಿವೃತ್ತ ಸಂಗೀತ ಟೀಚರಿಗೆ ಅಂಗಡಿಯ ದುಬಾರಿ ಸ್ಪೀಕರುಗಳೆಂದರೆ ಆಗುತ್ತಿರಲಿಲ್ಲ. "ಎಂತಕ್ಕೆ ಮಾರಾಯ? ನಾವೇ ಮಾಡುವ," ಎನ್ನುತ್ತಿದ್ದರು. ಪ್ಲೈವುಡ್ ಕೊಯ್ಯಿಸಿ ತಂದು, ಇಬ್ಬರೂ ಸೇರಿ ತಿಂಗಳೊಳಗೆ ಒಂದು ಜೊತೆ ಕಟ್ಟಿದೆವು. ಮೊದಲ ಹಾಡಿಗೇ ನಾನು, "ಸೂಪರ್ ಉಂಟು ಟೀಚರ್!" ಎಂದೆ. ಅವರು ಕಣ್ಣು ಮುಚ್ಚಿ ಬಾಕ್ಸಿನ ಪಕ್ಕಕ್ಕೆ ಅಂಗೈ ಒತ್ತಿದರು.

"ಇಲ್ಲ. ಬಾಕ್ಸ್ ನಡುಗ್ತಾ ಉಂಟು. ಅದು ಹಾಡಬಾರದು, ಹಾಡುವವರು ಹಾಡಬೇಕು."

ಬೇಸರದಿಂದ ಎದ್ದುಬಂದೆ. ಮರುದಿನ ಹೋದರೆ, ಬಾಕ್ಸಿನ ಹಿಂಬದಿ ಬಿಚ್ಚಿ, ನಡುಗದ ಹಾಗೆ ಒಳಗೆ ಮರದ ಅಡ್ಡಪಟ್ಟಿ ಕೊಟ್ಟು ಮುಗಿಸಿದ್ದರು. ತಮ್ಮ ಶಾಲೆಯ ಮಕ್ಕಳು ಹಿಂದೆಂದೋ ಹಾಡಿದ್ದ ಧ್ವನಿಮುದ್ರಣ ಹಾಕಿದರು. ಅರ್ಧದಲ್ಲಿ ತಟ್ಟನೆ ನನ್ನ ಕೈ ಹಿಡಿದರು.

"ಕೇಳಿತಾ? ಹಿಂದಿನ ಸಾಲಲ್ಲಿ ಒಬ್ಬಳು ಹಾಡ್ತಾ ಇಲ್ಲ, ನಗ್ತಾ ಇದ್ದಾಳೆ! ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ."

ಬೈಯುವವರ ಹಾಗೆ ಮುಖ ಮಾಡಿ, ಅವರೂ ನಕ್ಕುಬಿಟ್ಟರು.