ವಿನಯಾಳ ಒಂಬತ್ತು ಮಂದಿ ಪಾಲಕರು

ಗಂಗೊಳ್ಳಿಯ ಜಲಜ ಬಂದರಿನಲ್ಲಿ ಮೀನು ಕೊಂಡು ಮನೆಮನೆಗೆ ಹೊತ್ತು ಮಾರುವವಳು. ಆರು ವರ್ಷದ ಹಿಂದೆ ಅವಳ ನೆರೆಮನೆಯ ವನಜ ಜ್ವರದಲ್ಲಿ ತೀರಿಕೊಂಡಳು. ವನಜಳ ಗಂಡ ಅದಕ್ಕೂ ಮೊದಲೇ ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ತೀರಿಹೋಗಿದ್ದ. ಉಳಿದವರು ಇಬ್ಬರು ಹೆಣ್ಣುಮಕ್ಕಳು, ಹದಿಮೂರರ ನವ್ಯಶ್ರೀ, ಎಂಟರ ವಿನಯಾ.

ಮಕ್ಕಳ ರಕ್ಷಣೆಯ ಅಧಿಕಾರಿ ಬಂದರು. ಸಂಬಂಧಿಕರು ಯಾರೂ ಇಲ್ಲದ್ದರಿಂದ ಇಬ್ಬರನ್ನೂ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ನಿಲಯಕ್ಕೆ ಸೇರಿಸಬೇಕಾದೀತು ಎಂದರು. ವಿನಯಾ ಅಕ್ಕನ ಚೂಡಿದಾರದ ತುದಿ ಹಿಡಿದುಕೊಂಡಳು. ಜಲಜಳಿಗೆ ತಡೆಯಲಾಗಲಿಲ್ಲ.

“ಹ್ವಾಯ್ ಮೇಡಂ, ಮಕ್ಳನ್ನ ಬೇರೆ ಮಾಡುದ್ ಬ್ಯಾಡ. ನಾನ್ ನೋಡ್ಕಂತೆ.”

“ನೀವು ಬೆಳಗಿನ ಜಾವ ನಾಲ್ಕು ಗಂಟೆಗೇ ಬಂದರಿಗೆ ಹೋಗ್ತೀರಂತೆ. ಆಗ ಮಕ್ಕಳ ಹತ್ತಿರ ಯಾರಿರ್ತಾರೆ?”

ಜಲಜಳ ಜೊತೆಗೇ ಬುಟ್ಟಿ ಹೊರುವ ಪದ್ದು ಹಿಂದಿನಿಂದ ಹೇಳಿದಳು: “ನಾನ್ ಇದ್ದೆ ಅಲ್ದಾ?”

ಸಂಜೆಯೊಳಗೆ ಜಲಜ, ಪದ್ದು ಸೇರಿ ಒಂಬತ್ತು ಮೀನುಗಾರ್ತಿಯರು ಮಕ್ಕಳನ್ನು ನೋಡಿಕೊಳ್ಳುವ ಪಾಳಿ ಹಂಚಿಕೊಂಡರು. ಪಾಳಿ ಬಂದವಳು ಅಂದು ವ್ಯಾಪಾರಕ್ಕೆ ಹೋಗುವಂತಿಲ್ಲ.

ಅಧಿಕಾರಿ ಹೇಳದೆ ಕೇಳದೆ ಮೂರು ಸಲ ಬಂದರು. ಮೂರನೆಯ ಸಲ ಪದ್ದು ನವ್ಯಶ್ರೀಯ ತಲೆ ಬಾಚುತ್ತಿದ್ದಳು. ಒಂಬತ್ತರಲ್ಲಿ ಇನ್ನೊಬ್ಬಳಾದ ಗುಲಾಬಿ ವಿನಯಾಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. “ಏಳೆಂಟ್ಲ ಐವತ್ತ್ನಾಲ್ಕ್” ಎಂದಾಗ ವಿನಯಾ ನಕ್ಕು ತಿದ್ದಿದಳು. ಅಧಿಕಾರಿಯೂ ನಕ್ಕರು. ಮುಂದಿನ ತಿಂಗಳು ಮಕ್ಕಳನ್ನು ಜಲಜಳ ಮನೆಯಲ್ಲೇ ಸಾಕಲು ಒಪ್ಪಿಗೆ ಸಿಕ್ಕಿತು.

ನವ್ಯಶ್ರೀ ಈಗ ಬ್ರಹ್ಮಾವರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ವಿನಯಾ ಒಂಬತ್ತನೇ ತರಗತಿ. ಈ ವರ್ಷ ಉದ್ದ ಜಿಗಿತದಲ್ಲಿ ಜಿಲ್ಲೆಗೇ ಮೊದಲಿಗಳಾದಳು.

ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ವಿನಯಾಳ ಪಾಲಕರನ್ನು ವೇದಿಕೆಗೆ ಕರೆದರು. ಜಲಜ ಎರಡೆರಡು ಸಲ ಮಿಂದು ಬಂದಿದ್ದರೂ ಮೀನಿನ ವಾಸನೆ ಬರುತ್ತದೇನೋ ಎಂಬ ಅಳುಕಿನಿಂದ ಉಳಿದ ಎಂಟು ಮಂದಿಯ ಜೊತೆ ಕೊನೆಯ ಸಾಲಿನಲ್ಲಿ ಕೂತಿದ್ದಳು.

“ನೀನ್ ಹೋಗ್ ಮಾರಾಯ್ತಿ” ಎಂದು ಪದ್ದುವನ್ನು ತಿವಿದಳು.

“ನಾನ್ ಎಂತಕ್ಕೆ? ಕಾಗ್ದದಗೆ ಹೆಸ್ರ್ ನಿಂದ್.”

ಅಷ್ಟರಲ್ಲಿ ವಿನಯಾ ಮೈಕಿನ ಹತ್ತಿರ ಬಂದಳು. “ಸಾರ್, ನಂಗ್ ಒಬ್ರಲ್ಲ, ಒಂಬತ್ ಜನ. ಎಲ್ರೂ ಬರ್ಲಿ.”

ಸಭೆಯಲ್ಲಿ ಚಪ್ಪಾಳೆ ಎದ್ದಿತು. ಒಂಬತ್ತು ಮಂದಿಯೂ ಸೆರಗು ಸರಿಮಾಡಿಕೊಳ್ಳುತ್ತ ವೇದಿಕೆ ಹತ್ತಿದರು. ವಿನಯಾ ಪದಕವನ್ನು ಜಲಜಳ ಕೊರಳಿಗೆ ಹಾಕಿದಳು. ಜಲಜ ತಲೆಯೆತ್ತಿ ಇಡೀ ಸಭೆಯನ್ನು ನೋಡಿದಳು. ಅಳುಕು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಬಂದರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅವಳದ್ದು ಒಂದೇ ಮಾತು: “ನಮ್ ಹೆಣ್ಣ್ ಐದ್ ಮೀಟ್ರ್ ಹಾರಿತ್, ಗೊತ್ತಿತ್ತಾ?” ಆ ಸಡಗರದಲ್ಲಿ ಅವಳು ಕೊಳ್ಳುವ ಮೊದಲೇ ಬಂಗುಡೆ ಮೀನಿನ ಹರಾಜು ಮುಗಿದೇ ಹೋಗಿತ್ತು.