ನೀಲಿ ಜರಡಿ, ಕೆಂಪು ಜರಡಿ

ಇವತ್ತು ಬೆಳಗ್ಗೆ ಉಪ್ಪಿಟ್ಟಿನ ರವೆ ಸೋಸಲು ಹೋದರೆ ದಿನಾ ಬಳಸುವ ಜರಡಿಯ ತಂತಿ ಕಿತ್ತುಹೋಗಿತ್ತು. ಹಳೆಯದು ಸಿಗಬಹುದೆಂದು ಕಪಾಟಿನ ತಳಕ್ಕೆ ಕೈ ಹಾಕಿದೆ. ಸಿಕ್ಕಿತು. ದೊಡ್ಡ ಕಣ್ಣಿನದಕ್ಕೆ ಅಂಚಿನ ಸುತ್ತ ನೀಲಿ ಟೇಪು. ಅದರ ಕೆಳಗಿದ್ದ ಸಣ್ಣ ಕಣ್ಣಿನದಕ್ಕೆ ಕೆಂಪು ಟೇಪು. ಎರಡನ್ನೂ ಒಂದರ ಮೇಲೊಂದು ಹಿಡಿದು ನಿಂತೇಬಿಟ್ಟೆ. ಒಲೆಯ ಮೇಲಿದ್ದ ಒಗ್ಗರಣೆ ಸೀದುಹೋಯಿತು...

ಟೇಪು ಸುತ್ತಿದವರು ಪಕ್ಕದ ಮನೆಯ ಅಕ್ಕ. ನಾವು ಪರದೇಶದ ಈ ಶೋರ್‌ಲೈನ್ ಎಂಬ ಊರಿಗೆ ಬಂದ ಹೊಸತರಲ್ಲಿ ನನಗೆ ಸಿಕ್ಕ ಒಂದೇ ಕನ್ನಡದ ಮನೆ ಅದು. ಧಾರವಾಡದವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಒಬ್ಬರೇ ಇದ್ದರು. ಸೋಲಾರ್ ಸೆಲ್ ತಯಾರಿಸುವ ಒಂದು ಲ್ಯಾಬಿನಲ್ಲಿ ಅವರಿಗೆ ಕೆಲಸ. ನಾನು ಮೈಸೂರಿನವಳು, ಮನೆ ನೋಡಿಕೊಂಡಿರುವವಳು. ಸಂಜೆ ದೀಪ ಹಚ್ಚಿ, ದೇವರು ಆ ದಿನ ಕೊಟ್ಟದ್ದನ್ನು ಬೆರಳು ಮಡಿಸಿ ಎಣಿಸುವುದು ನನ್ನ ರೂಢಿ. ಮೊಸರು ಗಟ್ಟಿಯಾಗಿ ಹೆಪ್ಪಾಯಿತು, ಒಂದು. ಮಗಳ ಜ್ವರ ಬಿಟ್ಟಿತು, ಎರಡು. ಸದಾ ಮೋಡ ಕವಿದಿರುವ ಈ ಊರಿನಲ್ಲಿ ಬಿಸಿಲು ಬಂದರೆ ಅದಕ್ಕೂ ಒಂದು ಬೆರಳು ಬೇಕು.

ಬಿಸಿಲು ಬರುತ್ತಿದ್ದುದು ನನ್ನ ಅಡುಗೆಮನೆಯ ಕಿಟಕಿಗೆ. ಅಲ್ಲಿ ನನ್ನ ತುಳಸಿಯ ಕುಂಡವಿತ್ತು. ಒಂದು ದಿನ ಅಕ್ಕ ತಾವು ಮಾಡಿದ ಸೋಲಾರ್ ಸೆಲ್ಲೊಂದನ್ನು, ಅಂಗೈಯಗಲದ ಗಾಜಿನ ಬಿಲ್ಲೆಯನ್ನು, ಹಿಡಿದುಕೊಂಡು ಬಂದರು. ಒಳಗೆ ಕಾಡಿಗೆಯಷ್ಟು ಕಪ್ಪು ಪದರ, ಹಿಂದೆ ಎರಡು ತಂತಿ, ಕರೆಂಟು ಅಳೆಯುವ ಒಂದು ಪುಟ್ಟ ಮೀಟರು.

"ತಂಗಿ, ನನ್ನ ಮನಿಗೆ ಬರೇ ಗಿಡದ ನೆರಳು. ನಿನ್ನ ಕಿಟಕ್ಯಾಗ ಬಿಸಿಲು ಚಲೋ ಬೀಳ್ತದ. ಒಂದ್ನಾಕು ತಿಂಗಳು ಇದನ್ನ ಇಲ್ಲಿ ಇಡ್ಲೇನು? ಲ್ಯಾಬಿನಾಗ ಎಲ್ಲಾ ಛಂದ ನಡೀತದ. ಮನಿಯಾಗ ಹೆಂಗ ಬಾಳ್ತದ ನೋಡಬೇಕು."

ಒಂಬತ್ತು ವರ್ಷದ ನನ್ನ ಮಗಳು ಓಡಿ ಬಂದು ಇದೇನು ಅಂದಳು. ಅಕ್ಕ ನನ್ನ ಎರಡು ಜರಡಿ ಕೇಳಿ ಪಡೆದು, ಟೇಪು ಸುತ್ತಿ, ಒಂದರ ಮೇಲೊಂದು ಇಟ್ಟರು.

"ನೋಡವಾ, ಬಿಸಿಲಿನಾಗ ದಪ್ಪ ರವಾ, ಸಣ್ಣ ರವಾ ಎಲ್ಲಾ ಕೂಡೇ ಇರ್ತದ. ಮನಿ ಮ್ಯಾಲ ಹಾಕ್ತಾರಲ್ಲ, ಆ ಪ್ಯಾನೆಲ್ಲಿಗೆ ಒಂದಽ ಜರಡಿ. ಏನ್ ಮಾಡಿದ್ರೂ ಅದರ ಕರೆಂಟು ಒಂದು ಮಿತಿ ದಾಟೂದಿಲ್ಲ. ಇದಕ್ಕ ಎರಡು. ಮ್ಯಾಲಿಂದು ನೀಲಿ ಬೆಳಕು ಹಿಡಕೊಂಡು ಕೆಂಪು ಬೆಳಕು ಕೆಳಗ ಬಿಡ್ತದ. ಕೆಳಗಿಂದು ಅದನ್ನ ಹಿಡೀತದ."

"ಸೋ, ದೇ ಶೇರ್ ಇಟ್?"

"ಕನ್ನಡದಾಗ ಕೇಳು, ಹೇಳ್ತೀನಿ."

"ಹಂಚ್ಕೋತಾವ?"

"ಶಾಣ್ಯಾಕಿ! ಹಂಚ್ಕೊಂಡ್ರ ಹೆಚ್ಚು ಸಿಗ್ತದ."

ನಾನು ಕನ್ನಡದಲ್ಲಿ ನೂರು ಮಾತು ಕೇಳಿದರೂ ಇಂಗ್ಲಿಷಿನಲ್ಲಿ ಒಂದು ಉತ್ತರ ಕೊಡುತ್ತಿದ್ದ ಮಗಳು... ಒಂದೇ ತಿಂಗಳಲ್ಲಿ ಅಕ್ಕನ ಮಾತು ಕಲಿತಳು. ಶಾಲೆಯಿಂದ ಬಂದೊಡನೆ ಮೀಟರು ನೋಡಿ, ಅಂಕಿ ಬರೆದುಕೊಂಡು, ಪಕ್ಕದ ಮನೆಗೆ ಓಟ. ವಾಪಸು ಬಂದು ನನಗೆ, "ಏನ್ ಮಾಡಾಕತ್ತೀಯವಾ?" ಎನ್ನುವಳು. ಯಜಮಾನರಿಗೆ ನಗುವೋ ನಗು. ನನಗೆ ಹೊಟ್ಟೆಯಲ್ಲಿ ಕೆಂಡ. ಮಗು ಕನ್ನಡ ಆಡಲಿ ಎಂದು ದೇವರಿಗೆ ಹರಕೆ ಹೊತ್ತವಳು ನಾನು. ದೇವರು ಕೊಟ್ಟ, ಆದರೆ ಅಕ್ಕನ ಕೈಯಲ್ಲಿ ಕೊಟ್ಟ. ಅದಕ್ಕೆ ನಾನು ಬೆರಳು ಮಡಿಸಲಿಲ್ಲ.

ಬಿಲ್ಲೆಗೆ ನೀರು ತಾಗಕೂಡದು, ಮೇಲಿನ ಪದರ ತೇವಕ್ಕೆ ಕೆಡುತ್ತದೆ ಎಂದು ಅಕ್ಕ ಹೇಳಿದ್ದರು. ಸುತ್ತಲಿನ ಅಂಟು ಅವರದೇ ಹೊಸ ಪಾಕ. ಮಾಮೂಲು ತೇವವನ್ನೆಲ್ಲ ಅದು ತಡೆಯುತ್ತದೆಯೇ ಎಂಬುದೇ ಪರೀಕ್ಷೆ. ಹಾಗಾಗಿ ದಿನಾ ಪೂಜೆಗೆ ಮೊದಲು ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿ, ಆಮೇಲೆ ತುಳಸಿಗೆ ನೀರೆರೆಯುತ್ತಿದ್ದೆ.

ಮಗಳ ಶಾಲೆಯಲ್ಲಿ ಮನೆಯ ದೊಡ್ಡವರು ಬಂದು ತಮ್ಮ ಕೆಲಸದ ಬಗ್ಗೆ ಹೇಳುವ ದಿನ ಬಂತು. ಮಗಳು ಅಕ್ಕನನ್ನು ಕರೆದಳು. "ಅಮ್ಮ, ನೀ ಬಂದು ಏನ್ ಹೇಳ್ತಿ?" ಅಂದಳು, ಕುಹಕವಿಲ್ಲದೆ, ಮಕ್ಕಳು ಕೇಳುವಂತೆ. ಅಕ್ಕ ನನ್ನ ಜರಡಿಗಳನ್ನೇ ಒಯ್ದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರಂತೆ. ಜರಡಿ ನನ್ನವು, ರವೆ ನನ್ನದು, ಮಗಳು ನನ್ನವಳು...

ಮರುದಿನ ಬೆಳಗ್ಗೆ ನಾನು ಬಿಲ್ಲೆ ಸರಿಸಲಿಲ್ಲ. ಮರೆತೆ ಎಂದು ಬರೆಯಬಹುದು, ಆದರೆ ಮರೆತಿರಲಿಲ್ಲ. ಸ್ತೋತ್ರ ಹೇಳಿಕೊಂಡೇ ನೀರೆರೆದೆ. ಕುಂಡದ ಕೆಳಗಿನ ತಟ್ಟೆ ತುಂಬಿ ಹರಿದ ನೀರು ಬಿಲ್ಲೆಯ ಸುತ್ತ ನಿಂತಿತು. ಒರೆಸಲಿಲ್ಲ. ಹೀಗೇ ಒಂದು ವಾರ.

ಕಪ್ಪು ಪದರದ ಒಂದು ಮೂಲೆ ಹಳದಿಯಾಯಿತು. ನನ್ನ ಕೈಯ ಅರಿಶಿನ ಹತ್ತಿತೇನೋ ಎಂದು ಸೆರಗಿನಿಂದ ಉಜ್ಜಿ ನೋಡಿದೆ. ಹೋಗಲಿಲ್ಲ. ಬಣ್ಣ ಗಾಜಿನ ಒಳಗಿತ್ತು. ಮೀಟರಿನ ಅಂಕಿ ಇಳಿಯಿತೆಂದು ಮಗಳು ಅಳುತ್ತಾ ಅಕ್ಕನನ್ನು ಕರೆತಂದಳು. ಅವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಂದಿನ ವಾರವೇ ಅದನ್ನು ತಮ್ಮ ತಂಡಕ್ಕೆ ತೋರಿಸುವುದಿತ್ತು.

"ತಂಗಿ, ನೀರು ಬಿದ್ದಿತ್ತೇನು? ಬಿದ್ದಿದ್ರ ಹೇಳು, ಬೈಯೂದಿಲ್ಲ. ಅಷ್ಟು ನೀರಿಗೆ ಯಾವ ಅಂಟೂ ನಿಲ್ಲೂದಿಲ್ಲ. ನನಗ ಖರೆ ಗೊತ್ತಾದ್ರ ಸಾಕು."

ನನ್ನ ಬೆನ್ನ ಹಿಂದೆ ದೇವರ ದೀಪ ಉರಿಯುತ್ತಿತ್ತು. "ಇಲ್ಲ ಅಕ್ಕ," ಅಂದೆ.

"ನೀ ಇಲ್ಲ ಅಂದ್ರ ಇಲ್ಲ ಬಿಡು. ಹಂಗಾದ್ರ ನನ್ನ ಅಂಟಽ ಸರಿ ಇಲ್ಲ."

ಇನ್ನೊಂದು ಸಲವೂ ಕೇಳಲಿಲ್ಲ. ಒಂದೂವರೆ ವರ್ಷ ದುಡಿದು ಮಾಡಿದ್ದ ಆ ಪಾಕವನ್ನು ಕೈಬಿಟ್ಟು ಮೊದಲಿನಿಂದ ಶುರು ಮಾಡಿದರು. ಅದು ಕೈಗೂಡುವ ಮೊದಲೇ ಲ್ಯಾಬಿನವರು ಆ ಕೆಲಸ ನಿಲ್ಲಿಸಿದರು, ಅಕ್ಕ ಬೇರೆ ರಾಜ್ಯಕ್ಕೆ ಹೊರಟರು. ಹೋಗುವ ದಿನ ನನಗೆ ಉಡಿ ತುಂಬಿ, "ನಿನ್ನ ಬಿಸಿಲು ಭಾಳ ತಿಂದೀನಿ," ಎಂದು ನಕ್ಕರು. ಆಗಲೂ ಬಾಯಿ ಬಿಡಲಿಲ್ಲ ನಾನು... ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಕನ್ನಡ ಬಳಗದ ಗುಂಪಿನಲ್ಲಿ ಬಂತು. ಇನ್ನು ಹೇಳುವುದು ಯಾರಿಗೆ?

ಇವತ್ತು ಜರಡಿ ಕೆಳಗಿಟ್ಟು, ಕಾಲೇಜು ಹಾಸ್ಟೆಲಿನಲ್ಲಿರುವ ಮಗಳಿಗೆ ಕಾಲ್ ಮಾಡಿ ಎಲ್ಲ ಹೇಳಿದೆ. ಅವಳು ಮೆಲ್ಲಗೆ, "ಅಕ್ಕಗ ಹೇಳಬೇಕಿತ್ತು ನೀ," ಅಂದಳು. ನಾನು ಅಳುವುದು ಕೇಳಿಸಿರಬೇಕು. "ಇರ್ಲಿ ಬಿಡವಾ, ಅಳಬ್ಯಾಡ," ಅಂದಳು.

ಅಷ್ಟು ಕನಿಕರದ ಮಾತು ಮಗಳು ನನಗೆ ಯಾವತ್ತೂ ಆಡಿರಲಿಲ್ಲ. ಆದರೆ ಅದು ಅಕ್ಕನ ಮಾತು. ಕೇಳಿದ ಕೂಡಲೇ ಹೊಟ್ಟೆಯಲ್ಲಿ ಆ ಹಳೆಯ ಕೆಂಡ ಚುರ್ ಎಂದಿತು, ಸತ್ತವರ ಮೇಲೂ.

ಸಂಜೆ ದೀಪದ ಮುಂದೆ ಕೂತೆ. ಬಿಸಿಲು ಬಂದಿತ್ತು, ಒಂದು. ಮಗಳು ಕನ್ನಡ ಆಡುತ್ತಾಳೆ... ಎರಡು. ಇಷ್ಟು ವರ್ಷ ಮಡಿಸದೆ ಉಳಿಸಿದ್ದ ಬೆರಳು ಅದು. ಮಡಿಸಿದೆ.