ಸುಮತಿಯವರ ಅಂಡಮಾನ್ ಕೀಟ

ಸುಮತಿಯವರು ಹೋದರಂತೆ...
ಬೆಳಿಗ್ಗೆ ಮೊಮ್ಮಗಳು ಫೋನ್ ನೋಡಿ ಹೇಳಿದಳು.
ಯಾವ ಸುಮತಿ, ಸರಿಯಾಗಿ ನೋಡು ಎಂದೆ.
ನಾರಾವಿಯವರು, ನಿವೃತ್ತ ಡ್ರಾಯಿಂಗ್ ಟೀಚರ್ ಎಂದಳು.
ಅವರೇ...

ಡ್ರಾಯಿಂಗ್ ಟೀಚರ್. ಅಷ್ಟೇ ಬರೆದಿದ್ದಾರೆ.
ಉಳಿದದ್ದು ಗೊತ್ತಿರುವವನು ಈಗ ನಾನೊಬ್ಬನೇ. ಅದಕ್ಕೇ ಈ ಪೋಸ್ಟ್.

ಅರವತ್ತರ ದಶಕ.
ಮೂಡುಬಿದಿರೆಯ ಒಂದು ಸಣ್ಣ ಕೀಟ ಲ್ಯಾಬ್‌ನಲ್ಲಿ ನಾನು ಟೈಪಿಸ್ಟ್, ಅವರು ಸಹಾಯಕಿ.
ಅಂಡಮಾನಿನಿಂದ ಒಣಗಿದ ಎಲೆಗಳು ಬರುತ್ತಿದ್ದವು. ಅವಕ್ಕೆ ಅಂಟಿಕೊಂಡ ಶಲ್ಕ ಕೀಟಗಳು... ಸಾಸಿವೆಗಿಂತ ಚಿಕ್ಕ ಚಿಪ್ಪುಗಳು. ನೋಡಿದರೆ ಕೊಳೆ ಅನ್ನಬೇಕು.
ಸೂಜಿಯಿಂದ ಬಿಡಿಸಿ, ಬೇಯಿಸಿ, ಬಣ್ಣ ಕೊಟ್ಟು, ಸ್ಲೈಡ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆಯುವುದು ಅವರ ಕೆಲಸ.
ಎಡಕ್ಕೆ ಕೀಟದ ಬೆನ್ನು, ಬಲಕ್ಕೆ ಹೊಟ್ಟೆ. ಒಂದೊಂದು ರೋಮವನ್ನೂ ಎಣಿಸಿ...

ಒಂದು ದಿನ ಲ್ಯಾಬ್ ನಡೆಸುತ್ತಿದ್ದ ಸಾಹೇಬರ ಹತ್ತಿರ ಹೋಗಿ ಹೇಳಿದರು, "ಇದು ಪುಸ್ತಕದಲ್ಲಿ ಇರುವ ಜಾತಿ ಅಲ್ಲ ಸರ್. ಬಾಲದ ಅಂಚು ಬೇರೆ ಉಂಟು."
ಸಾಹೇಬರು ನಕ್ಕರು. ನಿಮಗೆ ಚಿತ್ರ ಸಾಕು ಎಂದರು.

ಕೆಲವು ತಿಂಗಳಲ್ಲಿ ಅದೇ ಕೀಟ ಹೊಸ ಪ್ರಭೇದವಾಯಿತು. ಪೇಪರ್ ಸಾಹೇಬರ ಹೆಸರಿನಲ್ಲಿ.
ಕರಡಿನ ಕೊನೆಗೆ ಸುಮತಿಯವರಿಗೆ ಒಂದು ಸಾಲು ಕೃತಜ್ಞತೆ ಇತ್ತು. ಅದರ ಮೇಲೂ ಕೆಂಪು ಪೆನ್ಸಿಲ್ ಎಳೆದರು.
ಫೇರ್ ಕಾಪಿ ಟೈಪ್ ಮಾಡಿದ್ದು ನಾನು.

ಸುಮತಿಯವರೇ...
ನೀವು ನನ್ನ ಮೇಜಿನ ಹತ್ತಿರ ಬಂದು ಕೇಳಿದಿರಿ, "ನನ್ನ ಹೆಸರು ಎಲ್ಲಾದರೂ ಉಂಟಾ ಮಾರಾಯ್ರೆ?"
"ಉಂಟು" ಎಂದೆ.
ಹಾಳೆ ಇನ್ನೂ ಟೈಪ್‌ರೈಟರಿನಲ್ಲೇ ಇತ್ತು.

ಅಚ್ಚಾಗಿ ಬಂದದ್ದನ್ನು ನಿಂತಲ್ಲೇ ಓದಿದಿರಿ. ನನ್ನನ್ನು ಬೈಯಲಿಲ್ಲ.
ಮುಂದಿನ ಕೀಟದ ಚಿತ್ರವನ್ನು ಸಾಹೇಬರು ಕೇಳಿದಾಗ ಮಾತ್ರ, "ಹೆಸರು ಹಾಕಿದರೆ ಕೊಡ್ತೇನೆ" ಎಂದಿರಿ.
ಆ ಸಂಜೆಯೇ ನಿಮ್ಮ ಕೆಲಸ ಹೋಯಿತು.
ಲ್ಯಾಬ್‌ನಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾನೂ...

ನೀವು ಮಡಂತ್ಯಾರಿನಲ್ಲಿ ಶಾಲೆಯ ಮಕ್ಕಳಿಗೆ ಮಾವಿನಕಾಯಿ, ಹೂದಾನಿ ಬರೆಯಲು ಕಲಿಸಿದಿರಿ.
ನಾನು ಹೆಡ್ ಕ್ಲಾರ್ಕ್ ಆದೆ.
ಆ ಕೀಟಕ್ಕೆ ಇವತ್ತಿಗೂ ಸಾಹೇಬರ ಹೆಂಡತಿಯ ಹೆಸರು.

ಒಮ್ಮೆ ಬೆಳ್ತಂಗಡಿ ಬಸ್ಸಿನಲ್ಲಿ ಸಿಕ್ಕಿದಿರಿ. ನನ್ನ ಪಕ್ಕದ ಸೀಟು ಖಾಲಿ ಇತ್ತು...
ನೀವು ನಿಂತೇ ಬಂದಿರಿ.

ಕ್ಷಮಿಸಿ ಎಂದು ಈಗ ಬರೆಯುವುದು ಸುಲಭ. ಬರೆಯುವುದಿಲ್ಲ.
ಹೋಗಿಬನ್ನಿ ಸುಮತಿಯವರೇ. ನಾವು ಕೊಡದ ನೆಮ್ಮದಿ ನಿಮ್ಮ ಆತ್ಮಕ್ಕೆ ಅಲ್ಲಾದರೂ ಸಿಗಲಿ.